ಮಿಸ್ಸಿಯ ಸೀಮೆಯಲ್ಲಿ ಬಿಳಿ ಹಲ್ಲು

ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಅರಳಗುಂಡಗಿಯಿಂದ ಬಂದು ದಾಸೋಹ ನಡೆಸಿದ ಶರಣರು ಲಿಂಗೈಕ್ಯರಾದದ್ದು 1822ರಲ್ಲಿ. ಅಂದಿನಿಂದ ಎಷ್ಟೋ ತಲೆಮಾರಿನ ಹಳ್ಳಿಗರು ಗುಡಿಯ ಸುತ್ತ ಬಂಡಿ ಬಿಟ್ಟು ಇರುಳು ಕಳೆದಿದ್ದಾರೆ. ಬೆಳಗಾದರೆ ಹಲ್ಲು ತಿಕ್ಕಲು ಅವರಿಗೆ ಬೇವಿನ ಕಡ್ಡಿ ಇತ್ತು, ಜಾಲಿ ಕಡ್ಡಿ ಇತ್ತು. ಇವೆರಡೂ ಸಿಗದಿದ್ದರೆ ಒಲೆಯ ಬೂದಿ, ಕುಟ್ಟಿದ ಇದ್ದಿಲು, ಚಿಟಿಕೆ ಉಪ್ಪು.

ಕಡ್ಡಿಯ ಇತಿಹಾಸ ಬಹಳ ಹಳೆಯದು. ಹಲ್ಲುಜ್ಜಲು ಕಹಿ ಮರಗಳಲ್ಲಿ ಬೇವೇ ಮೇಲು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಕಲಬುರಗಿಯ ಇನ್ನೊಂದು ದಿಕ್ಕಿಗೆ, ಖ್ವಾಜಾ ಬಂದೇ ನವಾಜರ ದರ್ಗಾದ ಭಕ್ತರಿಗೆ ಪೀಲು ಮರದ ಮಿಸ್ವಾಕ್ ಪ್ರವಾದಿಯವರು ತೋರಿದ ರೂಢಿ. ಕಡ್ಡಿಯನ್ನು ಜಗಿದರೆ ತುದಿ ನಾರಾಗಿ ಬಿಡಿಸಿಕೊಂಡು ಮೆತ್ತಗೆ ಉಜ್ಜುತ್ತದೆ. ಬೂದಿ, ಇದ್ದಿಲುಗಳ ಗುಣ ಬೇರೆ. ಅವು ಕಲೆಯ ಜೊತೆಗೆ ಹಲ್ಲಿನ ಹೊರಪದರವಾದ ಎನಾಮಲನ್ನೂ ಕೆರೆಯುತ್ತವೆ. ಎನಾಮಲಿನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಆದರೆ ಹಲ್ಲು ಮೂಡುವ ಹೊತ್ತಿಗೆ ಅದನ್ನು ಕಟ್ಟಿದ ಜೀವಕೋಶಗಳೇ ಇಲ್ಲವಾಗಿರುತ್ತವೆ. ಸವೆದುಹೋದ ಪದರ ಮತ್ತೆ ಬೆಳೆಯುವುದಿಲ್ಲ.

ಬಿಳಿ ಹಲ್ಲೇ ಚೆಂದ ಎಂಬ ಮಾತು ಈ ಸೀಮೆಯಲ್ಲಿ ಎಲ್ಲ ಕಾಲಕ್ಕೂ ನಡೆದದ್ದಲ್ಲ. 1948ರವರೆಗೆ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ದಖ್ಖನಿ ಮುಸ್ಲಿಂ ಮನೆಗಳಲ್ಲಿ ಹಲ್ಲು ಕಪ್ಪಾಗಿಸುವ ಪುಡಿಯಾದ ಮಿಸ್ಸಿ ಮದುವೆಯಾದ ಹೆಣ್ಣಿನ ಸಿಂಗಾರವಾಗಿತ್ತು. ಜಾಫರ್ ಶರೀಫ್ ಬರೆದು ಹರ್ಕ್ಲಾಟ್ಸ್ ಇಂಗ್ಲಿಷಿಗೆ ತಂದು 1832ರಲ್ಲಿ ಅಚ್ಚಾದ 'ಕಾನೂನ್-ಎ-ಇಸ್ಲಾಂ' ದಖ್ಖನಿನ ಆಚಾರಗಳ ನಡುವೆ ಮಿಸ್ಸಿಯನ್ನೂ ವಿವರಿಸುತ್ತದೆ. ಮಾಚಿಕಾಯಿಯ ಒಗರು, ಕಬ್ಬಿಣದ ಪುಡಿ, ಮೈಲುತುತ್ತ ಇದರ ಮುಖ್ಯ ಸಾಮಗ್ರಿ. ಒಗರು ಕಬ್ಬಿಣಕ್ಕೆ ಸೇರಿದರೆ ಶಾಯಿಯಂಥ ಕಪ್ಪು ಹುಟ್ಟಿ ಹಲ್ಲಿನ ಸಂದುಗಳಲ್ಲಿ ಕೂರುತ್ತದೆ. ಜಪಾನಿನ ಹೆಂಗಸರ ಒಹಗುರೊ ಕೂಡ ಇದೇ ರಸಾಯನ. 1870ರಲ್ಲಿ ಅಲ್ಲಿನ ಸರ್ಕಾರ ಕುಲೀನ ಮನೆತನಗಳಿಗೆ ಅದನ್ನು ನಿಷೇಧಿಸಿತು. ಆ ಕಪ್ಪು ಲೇಪ ಹುಳುಕಿನಿಂದ ಹಲ್ಲನ್ನು ಕಾಯುತ್ತಿತ್ತು ಎಂದು ಜಪಾನಿನ ಸಂಶೋಧಕರು ಕಂಡುಕೊಂಡಿದ್ದಾರೆ. ಮಿಸ್ಸಿಗೂ ಅದೇ ಗುಣವಿತ್ತೆಂದು ನೇರವಾಗಿ ಹೇಳಿಬಿಡುವಂತಿಲ್ಲ, ಅದರಲ್ಲಿದ್ದ ಮೈಲುತುತ್ತ ವಿಷವೇ. ಹುರಿದ ತಂಬಾಕಿನ ಮಿಶ್ರಿಯನ್ನಂತೂ ಇದರ ಸಾಲಿಗೆ ತರಲೇಬಾರದು. ಉತ್ತರ ಕರ್ನಾಟಕದ ಎಷ್ಟೋ ಹೆಂಗಸರ ಒಸಡು, ಕೆನ್ನೆಗಳನ್ನು ಅದು ಹಾಳು ಮಾಡಿದೆ.

ದಕ್ಷಿಣದಲ್ಲಿ ಹಲ್ಲುಪುಡಿ ಮನೆಮಾತಾದದ್ದು ನಂಜನಗೂಡಿನಿಂದ, ಬಿ.ವಿ. ಪಂಡಿತರು ಅಲ್ಲಿ ಸದ್ವೈದ್ಯಶಾಲೆ ತೆರೆದದ್ದು 1913ರಲ್ಲಿ. ಆಮೇಲೆ ಬ್ರಷ್ಷು, ಪೇಸ್ಟು ಬಂದವು.

ಕಲಬುರಗಿ, ಯಾದಗಿರಿ, ರಾಯಚೂರಿನ ಕೆಲವು ಹಳ್ಳಿಗಳ ಹಲ್ಲಿನ ಕಲೆ ಮಾತ್ರ ಯಾವ ಪುಡಿಗೂ ಜಗ್ಗಲಿಲ್ಲ. ಅದು ಮೇಲೆ ಮೆತ್ತಿದ ಕಲೆಯಲ್ಲ, ಎನಾಮಲಿನೊಳಗೇ ಹುಟ್ಟಿದ್ದು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಫ್ಲೋರೈಡ್ ಹೆಚ್ಚಿರುವ ಬಾವಿ, ಬೋರಿನ ನೀರು ಕುಡಿದರೆ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಸುಣ್ಣದ ಗೀರು ಎಳೆದಂತೆ ಕಾಣಿಸಿಕೊಂಡು ಕ್ರಮೇಣ ಕಂದಾಗುತ್ತದೆ. ಭಾರತದಲ್ಲಿ ಈ ರೋಗದ ಮೊದಲ ವರದಿ 1937ರಲ್ಲಿ ನೆಲ್ಲೂರು ಸೀಮೆಯಿಂದ ಬಂತು. ಇಂದು ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ ಮಟ್ಟ. ಬೇರೆ ನೀರೇ ಸಿಗದಿದ್ದರೆ 1.5. ಹೆಣ್ಣು ನೋಡಲು ಬಂದವರ ಮುಂದೆ ಬಾಯಿಗೆ ಸೆರಗು ಹಿಡಿಯುವ ಹುಡುಗಿಯ ಸಂಕಟಕ್ಕೆ ಮಾತ್ರ ಅಳತೆಗೋಲಿಲ್ಲ.

ಪುಡಿಗೆ ಜಗ್ಗದ ಬಣ್ಣಕ್ಕೆ ಬೇರೊಂದು ದಾರಿ ಆಮೇಲೆ ತೆರೆಯಿತು. 1989ರಲ್ಲಿ ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೈಮನ್, ಶೇ. 10ರ ಕಾರ್ಬಮೈಡ್ ಪೆರಾಕ್ಸೈಡನ್ನು ರಾತ್ರಿ ಹಲ್ಲಿಗೆ ತೊಡಿಸುವ ತಟ್ಟೆಯಲ್ಲಿಟ್ಟು ಬಿಳುಪುಗೊಳಿಸುವ ವಿಧಾನ ಪ್ರಕಟಿಸಿದರು. ಪೆರಾಕ್ಸೈಡ್ ಎನಾಮಲಿನೊಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಔಷಧ ಕಡುವಾದರೆ ಅಥವಾ ಆಮ್ಲೀಯವಾಗಿದ್ದರೆ ಮೇಲ್ಮೈ ಸ್ವಲ್ಪ ಮೆದುವಾಗಬಹುದು. ಬಹಳ ಜನಕ್ಕೆ ಕೆಲವು ದಿನ ಹಲ್ಲು ಜುಮ್ಮೆನ್ನುತ್ತದೆ. ಆಗ ಮೊದಲ ವೈದ್ಯ ಬಾಯಿಯ ಜೊಲ್ಲೇ, ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಅದು ಎನಾಮಲಿಗೆ ಮರಳಿಸುತ್ತದೆ. ವೈದ್ಯರು ಫ್ಲೋರೈಡ್ ಜೆಲ್ ಹಚ್ಚುತ್ತಾರೆ, ಜುಮ್ಮಿಗೆ ಪೊಟ್ಯಾಸಿಯಂ ನೈಟ್ರೇಟಿನ ಪೇಸ್ಟ್ ಕೊಡುತ್ತಾರೆ. ಹಾಲಿನ ಕೇಸೀನಿನಿಂದ ಮಾಡಿದ ಲೇಪವೂ ಇದೆ. ಲಿಂಬೆ ಶರಬತ್ತು, ಸೋಡಾ ಕೆಲವು ದಿನ ಬೇಡ. ಹುಳಿ ತಿಂದರೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕುವುದು ಒಳ್ಳೆಯದು. ಟ್ಯೂಬಿನಲ್ಲಿ ತುಂಬಿ ಮತ್ತೆ ಮಾರುಕಟ್ಟೆಗೆ ಬಂದಿರುವ ಇದ್ದಿಲನ್ನು ದೂರವಿಡಬೇಕು.

ಕಲೆ ಮೂಡಿಸಿದ ಫ್ಲೋರೈಡೇ ಈಗ ಬಿಳುಪಾದ ಹಲ್ಲಿಗೆ ಕಾವಲು. ಬೆಳೆಯುವ ಮಗುವಿನ ಹೊಟ್ಟೆಗೆ ಹೆಚ್ಚು ಸೇರಿದರೆ ಕೇಡು, ಮೂಡಿದ ಹಲ್ಲಿನ ಮೇಲೆ ಅಳತೆಯಲ್ಲಿ ಹಚ್ಚಿದರೆ ರಕ್ಷೆ. ಅದಕ್ಕೇ ಈ ಭಾಗದ ದಂತವೈದ್ಯರು ಬಿಳುಪಿನ ಚಿಕಿತ್ಸೆಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸುವ ಮೊದಲು ಯಾವ ಊರು, ಚಿಕ್ಕಂದಿನಲ್ಲಿ ಕುಡಿದದ್ದು ಹೊಳೆಯ ನೀರೋ ಬೋರಿನದೋ ಎಂದು ಕೇಳಿಕೊಳ್ಳಬೇಕಾಗುತ್ತದೆ.