ಪೋರ್ಟ್ ತಡೆ ಮತ್ತು ಅದನ್ನು ಪತ್ತೆಹಚ್ಚುವ ರೂಢಿ

ಒಂದೇ ಯಂತ್ರದಲ್ಲಿ ನಡೆಯುವ ಹಲವು ಸೇವೆಗಳನ್ನು ಬೇರೆಬೇರೆಯಾಗಿ ಗುರುತಿಸಲು ಇಂಟರ್‌ನೆಟ್ಟಿನಲ್ಲಿ ಬಳಸುವ, 65535ರವರೆಗೆ ಹೋಗುವ ಸಂಖ್ಯೆಗಳಿಗೆ ಪೋರ್ಟ್ ಎಂದು ಹೆಸರು; ಜಾಲತಾಣಗಳಿಗೆ 80 ಮತ್ತು 443, ಇಮೇಲ್ ರವಾನೆಗೆ 25 ಎಂಬಂತೆ ಇವು ಹಂಚಿಕೆಯಾಗಿವೆ. 1982ರಲ್ಲಿ ಜಾನ್ ಪೋಸ್ಟೆಲ್ ಇಮೇಲ್ ರವಾನೆಯ ನಿಯಮಗಳನ್ನು ಬರೆದಾಗ ಜಾಲವು ಪರಸ್ಪರ ನಂಬುಗೆಯುಳ್ಳ ಸಂಶೋಧಕರದ್ದಾಗಿದ್ದರಿಂದ, ಸಂಪರ್ಕ ಕೊಡುವ ಸಂಸ್ಥೆಯೇ ಒಂದು ಸಂಖ್ಯೆಯನ್ನು ಮುಚ್ಚಬೇಕಾದೀತೆಂಬ ಯೋಚನೆಗೆ ಅಲ್ಲಿ ಎಡೆಯಿರಲಿಲ್ಲ.

ಆ ನಂಬುಗೆಯನ್ನು ಮುರಿದದ್ದು ಹುಳುಗಳೆಂದು ಕರೆಯಲಾದ, ತಾವಾಗಿಯೇ ಹರಡುವ ದುಷ್ಟ ತಂತ್ರಾಂಶಗಳು. 2003ರ ಜನವರಿ 25ರಂದು ಕೇವಲ 376 ಬೈಟ್‌ಗಳ ಸ್ಲ್ಯಾಮರ್, 1434ನೇ ಪೋರ್ಟಿನ ಮೂಲಕ ನುಗ್ಗಿ, ತನಗೆ ಬಲಿಯಾಗಬಲ್ಲ ಯಂತ್ರಗಳಲ್ಲಿ ಬಹುಪಾಲನ್ನು ಹತ್ತೇ ನಿಮಿಷಗಳಲ್ಲಿ ಆವರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು 135ನೇ ಪೋರ್ಟನ್ನು ಹಿಡಿಯಿತು. ಸೇವಾದಾತರು ಈ ಪೋರ್ಟುಗಳನ್ನೂ, ಸೋಂಕು ತಗುಲಿದ ಮನೆಯ ಕಂಪ್ಯೂಟರುಗಳಿಂದ ಕಸದ ಇಮೇಲ್ ಹೊರಡದಂತೆ 25ನ್ನೂ ಮುಚ್ಚತೊಡಗಿದರು. ಭಾರತದಲ್ಲಿ ತಡೆಗೆ ಇದಕ್ಕೂ ಮೊದಲೇ ಇನ್ನೊಂದು ಕಾರಣವಿತ್ತು: ಸಾರ್ವಜನಿಕ ಇಂಟರ್‌ನೆಟ್ 1995ರ ಆಗಸ್ಟ್ 15ರಂದೇ ಬಂದರೂ, ಅದರ ಮೂಲಕ ದೂರವಾಣಿ ಕರೆ ಮಾಡಲು ಕಾನೂನಿನ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಂದು. ಹುಳುವನ್ನು ತಡೆಯಲು ಹಾಕಿದ ಬೀಗವು ನ್ಯಾಯವಾದದ್ದೇ. ಆದರೆ ಅದನ್ನು ಹಾಕಿದ ಸಂಗತಿಯನ್ನು ಗ್ರಾಹಕನಿಗೆ ತಿಳಿಸದಿರುವುದು ಅಂದಿಗೂ ಇಂದಿಗೂ ಅನ್ಯಾಯವೇ, ಏಕೆಂದರೆ ಆತನು ತನ್ನ ಯಂತ್ರದಲ್ಲಿಲ್ಲದ ದೋಷವನ್ನು ಅಲ್ಲಿಯೇ ಹುಡುಕುತ್ತ ಕೂರಬೇಕಾಗುತ್ತದೆ.

ಹೀಗಾಗಿ ಪರೀಕ್ಷಿಸುವ ಹೊಣೆ ಬಳಕೆದಾರನ ಮೇಲೆ ಬಿತ್ತು. ದೂರದ ಯಂತ್ರವನ್ನು ನಡೆಸಲೆಂದು ಹುಟ್ಟಿದ ಟೆಲ್ನೆಟ್ ಎಂಬ ಹಳೆಯ ಆಜ್ಞೆಯೇ ಇದಕ್ಕೆ ಮೊದಲ ಉಪಕರಣವಾಯಿತು. 1997ರಲ್ಲೇ ಬಂದಿದ್ದ ಎನ್‌ಮ್ಯಾಪ್ ಎಂಬ ಶೋಧಕ ತಂತ್ರಾಂಶವೂ ಜೊತೆಗೂಡಿತು. ಸಂಪರ್ಕ ಕೂಡಿಕೊಂಡರೆ ದಾರಿ ತೆರೆದಿದೆ. ತಕ್ಷಣವೇ ನಿರಾಕರಣೆ ಬಂದರೆ ಸಾಮಾನ್ಯವಾಗಿ ದಾರಿ ತೆರೆದಿದ್ದು, ಆ ತುದಿಯಲ್ಲಿ ಸೇವೆಯಷ್ಟೇ ನಡೆಯುತ್ತಿಲ್ಲ. ಬಹಳ ಹೊತ್ತು ಕಾದರೂ ಉತ್ತರವೇ ಬಾರದಿದ್ದರೆ ನಡುವೆ ಯಾರೋ ಸಂದೇಶವನ್ನು ನುಂಗುತ್ತಿರುವ ಸಂಭವವಿದೆ. ನುಂಗುತ್ತಿರುವುದು ಸೇವಾದಾತನೋ ಮನೆಯ ರೂಟರೋ ಎಂಬುದು ಈ ಮೌನದಿಂದ ಗೊತ್ತಾಗದ ಕಾರಣ, ಅದೇ ಪ್ರಯತ್ನವನ್ನು ಮೊಬೈಲಿನಂತಹ ಬೇರೊಂದು ಜಾಲದಿಂದಲೂ ಮಾಡಿ ಹೋಲಿಸುವ ರೂಢಿ ಬೆಳೆಯಿತು.

ವಿಶಾಖಪಟ್ಟಣದ ಅಂಚಿನ ಪರವಾಡದಂತಹ ಊರುಗಳಿಗೆ ಅಗ್ಗದ ಸಂಪರ್ಕವನ್ನು ಒಯ್ಯುವ ದೊಡ್ಡ ಯತ್ನ ನಡೆದದ್ದು ಈ ರೂಢಿ ಬೆಳೆದ ಮೇಲೆ. ವಿಜಯವಾಡದ ಆಂಧ್ರಪ್ರದೇಶ ಫೈಬರ್‌ನೆಟ್ ಸಂಸ್ಥೆ ವಿದ್ಯುತ್ ಕಂಬಗಳ ಮೇಲೆಯೇ ಗಾಜಿನ ತಂತಿ ಎಳೆದು, ತಿಂಗಳಿಗೆ 149 ರೂಪಾಯಿಗೆ ಇಂಟರ್‌ನೆಟ್, ಟಿವಿ ಮತ್ತು ದೂರವಾಣಿಗಳನ್ನು ಒಟ್ಟಿಗೆ ಕೊಡಲು ಮುಂದಾದ ಈ ಯೋಜನೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ 2017ರ ಡಿಸೆಂಬರ್ 27ರಂದು ಉದ್ಘಾಟಿಸಿದರು. ಅಷ್ಟರಲ್ಲಾಗಲೇ ಪರೀಕ್ಷೆಯ ಅರ್ಥ ಬದಲಾಗಿತ್ತು. ಏಷ್ಯಾ-ಪೆಸಿಫಿಕ್ ವಲಯದ ಹಳೆಯ ಮಾದರಿಯ (IPv4) ಜಾಲ ವಿಳಾಸಗಳ ಮುಕ್ತ ಹಂಚಿಕೆ 2011ರ ಏಪ್ರಿಲಿನಲ್ಲಿ ನಿಂತುಹೋದ ಮೇಲೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ ಎಲ್ಲೆಡೆ ಹಬ್ಬಿತು. ಅಂತಹ ಹಂಚಿಕೆಯಲ್ಲಿ ಯಾರೂ ತಡೆ ಒಡ್ಡದಿದ್ದರೂ, ಹೊರಗಿನಿಂದ ಬಂದ ಕರೆ ಯಾವ ಮನೆಯದೆಂದು ತಿಳಿಯದೆ ಬಿದ್ದುಹೋಗುತ್ತದೆ. ಆದುದರಿಂದ ಈಗ ಮೊದಲು ನೋಡಬೇಕಾದದ್ದು ರೂಟರಿಗೆ ಸಿಕ್ಕಿರುವ ವಿಳಾಸ: ಅದು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ಸೇವಾದಾತನಲ್ಲಿ ಕೇಳಬೇಕಾದದ್ದು ಪೋರ್ಟನ್ನಲ್ಲ, ಸ್ವಂತದ್ದೊಂದು ಸಾರ್ವಜನಿಕ ವಿಳಾಸವನ್ನು.