ಆನೆ ದಂತದಿಂದ ₹54,720ರವರೆಗೆ: ಮಂಡಿ ಬದಲಾವಣೆಯ ಕಥೆ

ಇವತ್ತಿನ ಸಂಚಿಕೆ ಮಂಡಿಯ ಬಗ್ಗೆ.

"ಅವರಿಗೆ ಮಂಡಿ ಚಿಪ್ಪು ಬದಲಾಯಿಸಿದ್ರಂತೆ." ಈ ಮಾತನ್ನು ಯಾವುದೋ ಮದುವೆ ಮನೆಯಲ್ಲಿ ನೀವು ಕೇಳಿಯೇ ಇರ್ತೀರಿ. ಪತ್ರಿಕೆಗಳೂ ಹಾಗೇ ಬರೀತಾವೆ. ಆದ್ರೆ ಈ ಆಪರೇಷನ್‌ನಲ್ಲಿ ಮುಖ್ಯವಾಗಿ ಬದಲಾಗೋದು ಚಿಪ್ಪಲ್ಲ. ತೊಡೆ ಮೂಳೆಯ ಕೆಳತುದಿ, ಅದರ ಕೆಳಗಿನ ಕಾಲು ಮೂಳೆಯ ಮೇಲ್ತುದಿ, ಇವೆರಡರ ಸವೆದ ಭಾಗವನ್ನು ಕೆಲವು ಮಿಲಿಮೀಟರ್‌ನಷ್ಟು ಕೊಯ್ದು ತೆಗೀತಾರೆ. ಮೇಲಿನ ಮೂಳೆಗೆ ಲೋಹದ ಹೊದಿಕೆ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಒಂದು ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ. ಚಿಪ್ಪಿನ ಒಳಮೈಗೆ ಕೆಲವು ಡಾಕ್ಟರು ಪ್ಲಾಸ್ಟಿಕ್ ಗುಂಡಿ ಕೂರಿಸ್ತಾರೆ, ಕೆಲವರು ಹಾಗೇ ಬಿಡ್ತಾರೆ.

ಅಂದ್ರೆ ಹೊಸದಾಗೋದು ಮೂಳೆಯ ಮೇಲ್ಮೈ ಮಾತ್ರ. ಅದನ್ನು ಮಡಚಿ ಚಾಚಬೇಕಾದ ಸ್ನಾಯುಗಳೆಲ್ಲ ಹಳೆಯವೇ, ಅದೂ ವರ್ಷಗಟ್ಟಲೆ ನೋವಿಗೆ ಹೆದರಿ ಸೊರಗಿರೋವು. ಮಂಡಿ ಬದಲಾವಣೆಯ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಎರಡು ಕಥೆ ಕಾಣಿಸಿತು. ಒಂದು ಲೋಹದ ಕಥೆ. ಇನ್ನೊಂದು ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಆ ಕಾಲನ್ನು ಏನು ಮಾಡಬೇಕು ಅನ್ನೋ ಕಥೆ. ಮೊದಲನೆಯದಕ್ಕೆ ಸರ್ಕಾರ ಬೆಲೆ ಕಟ್ಟಿದೆ. ಎರಡನೆಯದು ಇವತ್ತಿಗೂ ಮನೆಯವರ ಲೆಕ್ಕದಲ್ಲಿದೆ.

ಬರ್ಲಿನ್, 1890

ಆಗ ಕೀಲುಗಳನ್ನು ಹಾಳು ಮಾಡ್ತಿದ್ದ ದೊಡ್ಡ ಕಾಯಿಲೆ ಕ್ಷಯ. ಶ್ವಾಸಕೋಶಕ್ಕೆ ಬರೋ ಹಾಗೆ ಮಂಡಿಗೂ ಬರ್ತಿತ್ತು. ಕಾಲು ಕತ್ತರಿಸೋದು ಅಥವಾ ಕೀಲನ್ನೇ ಬೆಸೆದು ಕಾಲನ್ನು ಕೋಲಿನ ಹಾಗೆ ನೆಟ್ಟಗೆ ಮಾಡೋದು, ಇಷ್ಟೇ ದಾರಿ. ಬರ್ಲಿನ್‌ನ ಸರ್ಜನ್ ಥೆಮಿಸ್ಟೋಕ್ಲಿಸ್ ಗ್ಲುಕ್ ಬೇರೆ ದಾರಿ ಹಿಡಿದರು. ಆನೆ ದಂತದಲ್ಲಿ ಬಾಗಿಲಿನ ತಿರುಗಣಿಯಂಥ ಕೀಲು ಮಾಡಿಸಿ ರೋಗಿಯ ಮಂಡಿಯೊಳಗೆ ಕೂರಿಸಿದರು.

ಶುರುವಿನಲ್ಲಿ ಫಲಿತಾಂಶ ಚೆನ್ನಾಗೇ ಇತ್ತು. ಆದ್ರೆ ಕ್ಷಯ ಹಿಡಿದ ಕೀಲಿನೊಳಗೆ ಹೊರಗಿನ ವಸ್ತು ಇಟ್ಟರೆ ಸೋಂಕು ಬಿಡುತ್ತದೆಯೇ? ಆ ಕೀಲುಗಳು ಉಳಿಯಲಿಲ್ಲ. ಬರ್ಲಿನ್‌ನ ಪ್ರಭಾವಿ ಸರ್ಜನ್ ಅರ್ನ್ಸ್ಟ್ ಫಾನ್ ಬೆರ್ಗ್‌ಮನ್ ಈ ಪ್ರಯೋಗಕ್ಕೆ ಬಲವಾಗಿ ಅಡ್ಡ ನಿಂತರು. ಗ್ಲುಕ್ ಅವರ ಕೆಲಸ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮರೆತೇ ಹೋಯಿತು.

1950ರ ದಶಕದಲ್ಲಿ ಸ್ವೀಡನ್‌ನ ವಾಲ್ಡಿಯಸ್, ಇಂಗ್ಲೆಂಡಿನ ಶಿಯರ್ಸ್ ಮತ್ತೆ ತಿರುಗಣಿ ಕೀಲಿಗೆ ಕೈ ಹಾಕಿದರು. ಇಲ್ಲಿ ಒಂದು ಮೂಲಭೂತ ಸಮಸ್ಯೆ ಇತ್ತು. ಬಾಗಿಲು ಒಂದೇ ಅಕ್ಷದ ಸುತ್ತ ತಿರುಗುತ್ತೆ, ಮಂಡಿ ಹಾಗಲ್ಲ. ಮಡಚುವಾಗ ಅದು ಉರುಳುತ್ತೆ, ಜಾರುತ್ತೆ, ಸ್ವಲ್ಪ ತಿರುಚಿಕೊಳ್ಳುತ್ತೆ. ಆ ತಿರುಚನ್ನು ತಿರುಗಣಿ ತಡೆದಾಗ ಇಡೀ ಒತ್ತಡ ಮೂಳೆ ಮತ್ತು ಲೋಹ ಸೇರುವ ಜಾಗದ ಮೇಲೆ ಬೀಳುತ್ತೆ. ಕೀಲು ಸಡಿಲವಾಗುತ್ತೆ.

ಸೊಂಟದಿಂದ ಮಂಡಿಗೆ

ಪರಿಹಾರ ಬಂದದ್ದು ಸೊಂಟದ ಕಡೆಯಿಂದ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೀಲು ಬದಲಾಯಿಸ್ತಿದ್ದರು. ಮೊದಲು ಟೆಫ್ಲಾನ್ ಬಳಸಿದ್ರು, ಅದೇ ನಮ್ಮ ನಾನ್‌ಸ್ಟಿಕ್ ತವಾದ ವಸ್ತು. ಅದು ಬೇಗ ಸವೆದು, ರೋಗಿಗಳಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು. 1962ರಲ್ಲಿ ಗಟ್ಟಿ ಪಾಲಿಎಥಿಲೀನ್‌ಗೆ ಬದಲಾಯಿಸಿದ ಮೇಲೆ ದಾರಿ ತೆರೆಯಿತು. ನಯವಾದ ಲೋಹ, ಎದುರಿಗೆ ಪಾಲಿಎಥಿಲೀನ್, ಮೂಳೆಗೆ ಹಿಡಿದಿಡಲು ಅಕ್ರಿಲಿಕ್ ಸಿಮೆಂಟ್. ಈ ಜೋಡಿ ಇವತ್ತಿಗೂ ನಡೀತಿದೆ.

ಅದೇ ಆಸ್ಪತ್ರೆಗೆ ಬಂದ ಕೆನಡಾದ ಫ್ರಾಂಕ್ ಗನ್‌ಸ್ಟನ್ ಈ ಸೂತ್ರವನ್ನು ಮಂಡಿಗೆ ತಂದರು. 1968ರ ಹೊತ್ತಿಗೆ ತಿರುಗಣಿಯನ್ನು ಬಿಟ್ಟು, ಮಂಡಿಯ ಸಹಜ ಚಲನೆಯನ್ನೇ ಅನುಸರಿಸುವ ಬಿಡಿ ಬಿಡಿ ಭಾಗಗಳನ್ನು ಮಾಡಿದರು. ಬಿ.ಕಾಂ ಓದಿದ ನನಗೆ ಇಲ್ಲಿ ನಿಂತು ಯೋಚಿಸುವಂತೆ ಮಾಡಿದ ವಿಷಯ ಅಂದ್ರೆ, ಗನ್‌ಸ್ಟನ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಆ ವಿಚಾರವನ್ನು ಯಾರು ಬೇಕಾದರೂ ಮುಂದುವರಿಸಬಹುದಿತ್ತು.

ಮುಂದುವರಿಸಿದವರಲ್ಲಿ ಒಬ್ಬರು ನಮ್ಮವರು. 1974ರಲ್ಲಿ ನ್ಯೂಯಾರ್ಕ್‌ನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ 'ಟೋಟಲ್ ಕಾಂಡೈಲರ್' ಅನ್ನೋ ಮಂಡಿ ಬಳಕೆಗೆ ಬಂತು. ಈಗಿನ ಬಹುತೇಕ ಮಂಡಿಗಳ ಮೂಲಪುರುಷ ಅದು. ಅದರ ಹಿಂದೆ ಇದ್ದವರು ಜಾನ್ ಇನ್ಸಾಲ್, ಎಂಜಿನಿಯರ್ ಪೀಟರ್ ವಾಕರ್, ಮತ್ತು ಇಂದೋರ್‌ನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಚಿತ್ತರಂಜನ್ ರಾಣಾವತ್.

ಆ ಮಂಡಿ ಸರಾಸರಿ ಮಡಚುತ್ತಿದ್ದದ್ದು 90 ಡಿಗ್ರಿಯ ಆಸುಪಾಸು. ಕುರ್ಚಿ, ಕಮೋಡ್‌ನ ಊರಿಗೆ ಅದು ಹೆಚ್ಚು ಕಡಿಮೆ ಸಾಕು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವ ಊರಿಗೆ? ಆಮೇಲಿನ ಮಾದರಿಗಳು 110, 120 ಡಿಗ್ರಿಯವರೆಗೆ ಹೋದವು. ಪೂರ್ತಿ ಕುಕ್ಕರಿಸಲು ಅದಕ್ಕಿಂತ ಬಹಳ ಹೆಚ್ಚು ಬೇಕು. "ಆಪರೇಷನ್ ಆದ್ಮೇಲೆ ನೆಲದ ಮೇಲೆ ಕೂರಬಹುದಾ?" ಅಂತ ನಮ್ಮವರು ಮೊದಲು ಕೇಳೋ ಪ್ರಶ್ನೆ ಸಣ್ಣದಲ್ಲ. ಕೆಲವರಿಗೆ ಆಗುತ್ತೆ, ಆದ್ರೆ ರೂಢಿ ಮಾಡಿಕೊಳ್ಳಬೇಡಿ ಅಂತಲೇ ಬಹುತೇಕ ಸರ್ಜನ್‌ಗಳು ಹೇಳ್ತಾರೆ.

ಮಲಗಿಸಬೇಕೇ, ನಡೆಸಬೇಕೇ?

ಈಗ ಎರಡನೇ ಕಥೆ. 19ನೇ ಶತಮಾನದಲ್ಲೇ ಈ ಜಗಳ ಶುರುವಾಗಿತ್ತು. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್, ರೋಗ ಹಿಡಿದ ಕೀಲಿಗೆ ದೀರ್ಘ ವಿಶ್ರಾಂತಿಯೇ ಮದ್ದು ಅಂದರು. ಅವರ ಹೆಸರಿನ ಥಾಮಸ್ ಸ್ಪ್ಲಿಂಟ್ ಇವತ್ತಿಗೂ ಆಸ್ಪತ್ರೆಗಳಲ್ಲಿದೆ. ಪ್ಯಾರಿಸ್‌ನ ಲೂಕಾ ಶಾಂಪಿಯೊನಿಯೇರ್ ಇದಕ್ಕೆ ತದ್ವಿರುದ್ಧವಾಗಿ, ಮೂಳೆ ಮುರಿದವರಿಗೂ ಬೇಗನೆ ಚಲನೆ ಮತ್ತು ಮಸಾಜ್ ಕೊಡಬೇಕು ಅಂದರು. ಬಹಳ ಕಾಲ ಗೆದ್ದದ್ದು ವಿಶ್ರಾಂತಿಯ ಪಕ್ಷ.

ಮಂಡಿ ಬದಲಾವಣೆ ಶುರುವಾದಾಗಲೂ ದಪ್ಪ ಬ್ಯಾಂಡೇಜ್ ಕಟ್ಟಿ ದಿನಗಟ್ಟಲೆ ಮಲಗಿಸೋದು ರೂಢಿಯಾಗಿತ್ತು. 1970ರ ದಶಕದಲ್ಲಿ ಟೊರೊಂಟೊದ ರಾಬರ್ಟ್ ಸಾಲ್ಟರ್, ಕೀಲು ನಿರಂತರ ಚಲಿಸುತ್ತಿದ್ದರೆ ಚೆನ್ನಾಗಿ ಮಾಯುತ್ತೆ ಅಂತ ವಾದಿಸಿದರು. ಅದರಿಂದ ಕಾಲನ್ನು ತಾನೇ ಮಡಚಿ ಚಾಚುವ ಸಿಪಿಎಂ ಯಂತ್ರ ಹುಟ್ಟಿತು. ಮಂಡಿ ಆಪರೇಷನ್ ಆದವರ ಹಾಸಿಗೆಯ ಮೇಲೆ ಅದು ವರ್ಷಗಟ್ಟಲೆ ಗುರ್ರೆಂದಿತು. ಆಮೇಲೆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಎಲ್ಲರಿಗೂ ಬಳಸುವಷ್ಟು ಲಾಭ ಅದರಲ್ಲಿಲ್ಲ ಅಂತ ಗೊತ್ತಾಯಿತು. ಯಂತ್ರ ಕಾಲನ್ನು ಆಡಿಸಿದರೆ ರೋಗಿಯ ಸ್ನಾಯು ಕೆಲಸ ಮಾಡಿದಂತಲ್ಲ.

1990ರ ದಶಕದಲ್ಲಿ ಡೆನ್ಮಾರ್ಕ್‌ನ ಹೆನ್ರಿಕ್ ಕೆಹ್ಲೆಟ್ ಕರುಳಿನ ಆಪರೇಷನ್ ಆದವರ ಮೇಲೆ ಬೇರೆಯದೇ ಕ್ರಮ ಪ್ರಯೋಗಿಸಿದರು. ಮುಂಚೆಯೇ ರೋಗಿಯನ್ನು ತಯಾರು ಮಾಡಿ, ಬೇರೆ ಬೇರೆ ವಿಧಾನ ಸೇರಿಸಿ ನೋವು ತಗ್ಗಿಸಿ, ಆದಷ್ಟು ಬೇಗ ಊಟ ಕೊಡಿ, ಬೇಗ ಎಬ್ಬಿಸಿ ನಡೆಸಿ. ಅದೇ ಕ್ರಮ ಮಂಡಿಗೂ ಬಂತು. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಜೊತೆಯಾಯಿತು. 1962ರಲ್ಲಿ ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊತೊ ದಂಪತಿ ಕಂಡುಹಿಡಿದ ಅಗ್ಗದ ಔಷಧ ಅದು. ಇವತ್ತು ಆಪರೇಷನ್ ಆದ ದಿನವೇ ಅಥವಾ ಮಾರನೇ ದಿನ ವಾಕರ್ ಹಿಡಿಸಿ ನಿಲ್ಲಿಸ್ತಾರೆ. ಮನೆಯವರಿಗೆ ಅದು ಕ್ರೌರ್ಯ ಅನ್ನಿಸಬಹುದು. ಅದರ ಹಿಂದೆ ನೂರು ವರ್ಷದ ಜಗಳ ಇದೆ.

ಮುಂಚೆ ಏನು, ಆಮೇಲೆ ಏನು

ಗ್ಲುಕ್ ಅವರ ಆನೆ ದಂತದ ಕೀಲನ್ನು ಸೋಲಿಸಿದ್ದು ಸೋಂಕು ತಾನೇ? ಇವತ್ತಿನ ಸಿದ್ಧತೆಯ ಅರ್ಧಭಾಗ ಅದನ್ನು ತಡೆಯೋದಕ್ಕೇ ಇದೆ. ಶುಗರ್ ಹತೋಟಿಗೆ ತರಬೇಕು, ಹುಳುಕು ಹಲ್ಲು, ಮೂತ್ರದ ಸೋಂಕು, ಚರ್ಮದ ಗಾಯ ಇದ್ದರೆ ಮೊದಲೇ ವಾಸಿ ಮಾಡಿಕೊಳ್ಳಬೇಕು, ಬೀಡಿ ಸಿಗರೇಟು ಬಿಡಬೇಕು. ರಕ್ತಹೀನತೆ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು. ಇನ್ನರ್ಧ ತೊಡೆಯ ಮುಂಭಾಗದ ಸ್ನಾಯುವಿಗೆ. ಮಂಡಿ ಕೆಳಗೆ ಟವಲ್ ಸುತ್ತಿಟ್ಟು ಒತ್ತೋದು, ಕುರ್ಚಿ ಮೇಲೆ ಕೂತು ಕಾಲು ನೆಟ್ಟಗೆ ಚಾಚೋದು. ಫಿಸಿಯೋಥೆರಪಿಸ್ಟ್ ಹತ್ತಿರ ಇವನ್ನು ಮುಂಚೆಯೇ ಕಲಿತವರಿಗೆ ಆಪರೇಷನ್ ಮಾರನೇ ದಿನ ಅವು ಹೊಸ ಪಾಠ ಆಗಿರಲ್ಲ.

ಮನೆಯನ್ನೂ ತಯಾರು ಮಾಡಬೇಕು. ಕೆಳಮಹಡಿಯಲ್ಲಿ ಹಾಸಿಗೆ, ಅದೂ ಎತ್ತರದ ಮಂಚ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ. ಜಾರುವ ಕಾಲೊರೆಸು, ಅಡ್ಡ ಬರೋ ವೈರು ತೆಗೀಬೇಕು. ರಾತ್ರಿ ಬಚ್ಚಲಿಗೆ ಹೋಗೋ ದಾರಿಯಲ್ಲಿ ಒಂದು ಸಣ್ಣ ದೀಪ ಇರಬೇಕು.

ಆಮೇಲಿನ ಮೊದಲ ಆರು ವಾರ ಬಹಳ ಮುಖ್ಯ. ಗಾಯ ಮಾಯುತ್ತಾ ಕೀಲಿನ ಸುತ್ತ ಕಲೆಯ ಅಂಗಾಂಶ ಗಟ್ಟಿಯಾಗುತ್ತೆ. ಆ ಹೊತ್ತಿನಲ್ಲಿ ಮಡಚದ ಮಂಡಿ ಆಮೇಲೆ ಸುಲಭವಾಗಿ ಮಡಚಲ್ಲ. ನೋವಿನ ಮಾತ್ರೆ ನುಂಗಿ, ಅದು ಹಿಡಿದ ಮೇಲೆ ವ್ಯಾಯಾಮ. ಆಮೇಲೆ ಐಸ್. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇದ್ದರೆ ರಕ್ತ ಹೆಪ್ಪುಗಟ್ಟೋ ಅಪಾಯ ಕಡಿಮೆ. ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡೋ ಮನೆಯವರು ಒಂದು ತಿಳಿದುಕೊಳ್ಳಬೇಕು. ಹಾಯೆನಿಸುತ್ತೆ ನಿಜ, ಆದ್ರೆ ಹಾಗೇ ಮಲಗಿದ್ದರೆ ಮಂಡಿ ಪೂರ್ತಿ ನೆಟ್ಟಗಾಗದೆ ಉಳಿಯುತ್ತೆ. ಮೆಟ್ಟಿಲಿಗೆ ಒಂದು ಸೂತ್ರ ಇದೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಸೋರಿದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಉಸಿರು ಕಟ್ಟಿದರೆ ಫೋನ್ ಮಾಡ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇಷ್ಟೆಲ್ಲ ಮಾಡಿದರೂ ಐವರಲ್ಲಿ ಒಬ್ಬರಿಗೆ ಪೂರ್ತಿ ತೃಪ್ತಿ ಸಿಗಲ್ಲ ಅನ್ನೋದು ವಿದೇಶಿ ಅಧ್ಯಯನಗಳಲ್ಲಿ ಬಂದಿರೋ ಲೆಕ್ಕ. ಅದೇ ಹೊತ್ತಿಗೆ, ಹಾಕಿದ ಮಂಡಿಗಳಲ್ಲಿ ಸುಮಾರು 82 ಶೇಕಡಾ 25 ವರ್ಷ ಬಾಳಿಕೆ ಬರುತ್ತವೆ ಅಂತ 2019ರ ಲ್ಯಾನ್ಸೆಟ್ ಅಧ್ಯಯನ ಹೇಳಿದೆ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡೇ ನಿರ್ಧಾರ ಮಾಡಬೇಕು.

ಪ್ರಧಾನಿಯ ಮಂಡಿ, ನಮ್ಮ ಬಿಲ್ಲು

ಭಾರತದ ಮನೆಮನೆಯಲ್ಲಿ ಈ ಆಪರೇಷನ್ ಮಾತಾಗಿದ್ದು ಅಟಲ್ ಬಿಹಾರಿ ವಾಜಪೇಯಿ ಅವರಿಂದ. ಪ್ರಧಾನಿಯಾಗಿದ್ದಾಗಲೇ, 2000ದ ಅಕ್ಟೋಬರ್‌ನಲ್ಲಿ ಎಡಗಾಲಿಗೆ, 2001ರ ಜೂನ್‌ನಲ್ಲಿ ಬಲಗಾಲಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾಡಿದವರು ನ್ಯೂಯಾರ್ಕ್‌ನಿಂದ ಬಂದ ಅದೇ ರಾಣಾವತ್. ಎರಡನೆಯದಾಗಿ ಐದೇ ವಾರಕ್ಕೆ ಆಗ್ರಾ ಶೃಂಗಸಭೆಯಲ್ಲಿ ವಾಜಪೇಯಿ ಮುಷರಫ್ ಜೊತೆ ಮಾತುಕತೆಗೆ ಕೂತಿದ್ದರು. ಆ ಐದು ವಾರದ ಹಿಂದೆ ಎಷ್ಟು ಜನರ ಆರೈಕೆ ಇತ್ತು ಅನ್ನೋದನ್ನು ಊಹಿಸಬಹುದು.

2017ರ ಆಗಸ್ಟ್ 16ರಂದು ಇನ್ನೊಂದು ತಿರುವು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಪ್ರಕಟಿಸಿದವರು ಬೆಂಗಳೂರು ದಕ್ಷಿಣದ ಸಂಸದರೂ ಆಗಿದ್ದ ಸಚಿವ ಅನಂತಕುಮಾರ್. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಬೆಲೆ ₹1,58,324 ಇದ್ದದ್ದು ₹54,720ಕ್ಕೆ ಇಳಿಯಿತು, ಜಿಎಸ್‌ಟಿ ಬೇರೆ. ಒಂದು ವರ್ಷಕ್ಕೆಂದು ಬಂದ ಮಿತಿಯನ್ನು ಆಮೇಲೆ ಹಲವು ಸಲ ವಿಸ್ತರಿಸಿದರು. ಒಂದೇ ಆದೇಶಕ್ಕೆ ಮೂರರಲ್ಲಿ ಎರಡು ಪಾಲು ಬೆಲೆ ಇಳಿದರೂ ವಸ್ತು ಮಾರಾಟವಾಗುತ್ತಲೇ ಇದೆ ಅಂದ್ರೆ, ಮುಂಚೆ ಕಮಿಷನ್ ಎಷ್ಟಿತ್ತು ಅಂತ ಲೆಕ್ಕ ಹಾಕಲು ಕಾಮರ್ಸ್ ಓದಿರಬೇಕಾಗಿಲ್ಲ.

ಆದ್ರೆ ಆ ಆದೇಶ ಮುಟ್ಟಿದ್ದು ಬಿಲ್ಲಿನ ಒಂದು ಸಾಲನ್ನು ಮಾತ್ರ. ಆಪರೇಷನ್ ಥಿಯೇಟರು, ರೂಮು, ಡಾಕ್ಟರ ಫೀಸು ಅದರೊಳಗೆ ಬರಲ್ಲ. ಇನ್ನು ಡಿಸ್ಚಾರ್ಜ್ ಆದ ಮೇಲಿನ ಆರು ವಾರವಂತೂ ಯಾವ ಬಿಲ್ಲಿನಲ್ಲೂ ಇಲ್ಲ. ಮನೆಗೆ ಬರೋ ಫಿಸಿಯೋಥೆರಪಿಸ್ಟ್‌ಗೆ ದಿನದ ಲೆಕ್ಕದ ದುಡ್ಡು. ತಾಲ್ಲೂಕಿನ ಊರುಗಳಲ್ಲಿ ಅವರು ಸಿಗೋದೇ ಕಷ್ಟ. ರಜೆ ಹಾಕಿ ಬರಬೇಕಾದವರು ಹೆಚ್ಚಾಗಿ ಮಗಳು ಅಥವಾ ಸೊಸೆ. ಆಪರೇಷನ್ ಆದವರು ಮನೆಯ ಅಮ್ಮನೇ ಆಗಿದ್ದರೆ, ವಾರ ಕಳೆಯೋದರೊಳಗೆ ಒಲೆ ಮುಂದೆ ನಿಂತಿರ್ತಾರೆ, ಮಂಡಿ ವ್ಯಾಯಾಮಕ್ಕೆ ಮಾತ್ರ ಹೊತ್ತು ಸಿಗಲ್ಲ. ಲಕ್ಷಾಂತರ ಖರ್ಚು ಮಾಡಿ ತಂದ ಮಂಡಿ ಗಟ್ಟಿಯಾಗಿ ಕೂರೋದು ಹೀಗೆ.

ಹಾಗಾಗಿ ಆಸ್ಪತ್ರೆಯಲ್ಲಿ ಪ್ಯಾಕೇಜ್ ಎಷ್ಟು ಅಂತ ಕೇಳುವಾಗ ಇನ್ನು ಮೂರು ಪ್ರಶ್ನೆ ಸೇರಿಸಿ. ಆಪರೇಷನ್‌ಗೆ ಮುಂಚೆ ವ್ಯಾಯಾಮ ಕಲಿಸ್ತೀರಾ? ಡಿಸ್ಚಾರ್ಜ್ ಆದ ಮೇಲೆ ಎಷ್ಟು ದಿನದ ಫಿಸಿಯೋಥೆರಪಿ ಇದರಲ್ಲಿ ಸೇರಿದೆ? ರಾತ್ರಿ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು? ಮನೆಯಲ್ಲೂ ಒಂದು ಮಾತು ಮುಂಚೆಯೇ ಆಗಲಿ: ಆ ಆರು ವಾರ ಅಡುಗೆ ಯಾರದು?