ಕುಮಾರರಾಮನ ಬೆನ್ನು ಹತ್ತಿದ ನಾಲ್ಕು ತಿಂಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಸಮಿತಿಯ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. 'ನೀವು ಇತಿಹಾಸದ ಮೇಷ್ಟ್ರು, ಶಾಲೆಯ ಇತಿಹಾಸ ನೀವೇ ಬರೀರಿ ಸಾರ್' ಎಂದರು. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ಹೆಸರು ತಂದ ವಿದ್ಯಾರ್ಥಿಗಳು, ಇವರ ಬಗ್ಗೆ ಬೇರೆಯವರು ಬರೆಯುತ್ತಿದ್ದಾರೆ. ನಾನು ಒಂದೇ ಒಂದು ಅವಧಿಯ ಕಥೆ ಬರೆಯುತ್ತೇನೆ. ಆ ನಾಲ್ಕು ತಿಂಗಳಲ್ಲಿ ಮಕ್ಕಳು ಕಲಿತದ್ದಕ್ಕಿಂತ ನಾನು ಕಲಿತದ್ದೇ ಹೆಚ್ಚು.

ಅದು 1986. ದಸರಾ ರಜೆ ಮುಗಿದು ಎರಡನೇ ಅವಧಿ ಶುರುವಾಗಿತ್ತು. ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅದೇ ವರ್ಷ. ಆ ಸುದ್ದಿಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ತರಗತಿಗೆ ಬಂದು, 'ವಿಜಯನಗರ ಹುಟ್ಟೋದಕ್ಕಿಂತ ಮುಂಚೆ ಈ ಸೀಮೆಯನ್ನ ಆಳ್ತಿದ್ದವರು ಯಾರು?' ಎಂದು ಕೇಳಿದೆ. ಒಂಬತ್ತನೇ ತರಗತಿ ಪೂರ್ತಿ ಸುಮ್ಮನಾಯಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ, 'ಕುಮಾರರಾಮ ಸಾರ್. ನಮ್ಮಜ್ಜಿ ಹೇಳ್ತಾಳೆ' ಎಂದ. ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲದ ಹೆಸರು ಅಜ್ಜಿಯ ಬಾಯಲ್ಲಿತ್ತು. ಆ ಅವಧಿಯ ಓದು, ಪ್ರವಾಸ, ನಾಟಕ ಮೂರಕ್ಕೂ ಕುಮಾರರಾಮನೇ ವಿಷಯ ಎಂದು ಅಂದೇ ನಿರ್ಧಾರವಾಯಿತು.

ಒಂದೇ ಪ್ರತಿ, ನಲವತ್ತು ಕಿವಿ

ಆಗ ನಮ್ಮ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಬೇಕಾದ ಪುಸ್ತಕ ಅದರಲ್ಲಿ ಇರಲಿಲ್ಲ. ಹೊಸಪೇಟೆಯ ಸಾರ್ವಜನಿಕ ಗ್ರಂಥಾಲಯದಿಂದ ನನ್ನ ಕಾರ್ಡಿನ ಮೇಲೆ ತಂದ ಪುಸ್ತಕಗಳೇ ಗತಿ. ಒಂದೇ ಪ್ರತಿ ಇರುವುದರಿಂದ ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಮುಖ್ಯವಾದದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವುದು. ಓದುವ ಸರದಿಗಾಗಿ ಜಗಳ ಆಗುತ್ತಿತ್ತು.

ಮೊದಲು ಕಾವ್ಯದ ಕಥೆ. 16ನೇ ಶತಮಾನದಲ್ಲಿ ನಂಜುಂಡ ಕವಿ ಕುಮಾರರಾಮನ ಮೇಲೆ ಸಾಂಗತ್ಯ ಕಾವ್ಯ ಬರೆದ. ಆಮೇಲೆ ಬೇರೆ ಕವಿಗಳೂ ಬರೆದರು. ಕಂಪಿಲರಾಯನ ಮಗ ರಾಮ ಮಹಾವೀರ. ಮಲತಾಯಿ ರತ್ನಾಜಿ ಅವನನ್ನು ಮೋಹಿಸುತ್ತಾಳೆ. ರಾಮ ಒಪ್ಪುವುದಿಲ್ಲ. ಅವಳು ಅವನ ಮೇಲೇ ದೂರು ಹೇಳುತ್ತಾಳೆ. ರಾಜ ಕೋಪದಲ್ಲಿ ಮಗನ ತಲೆ ತರಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ದಿಲ್ಲಿಯ ಸೈನ್ಯ ಬಂದಾಗ ರಾಮ ಹೊರಗೆ ಬಂದು ಹೋರಾಡಿ ಸಾಯುತ್ತಾನೆ. 'ಪರನಾರಿ ಸಹೋದರ' ಎಂಬ ಬಿರುದು ಅವನಿಗೆ ಬಂದದ್ದು ಹೀಗೆ. ಇದೇ ಕಥೆಯನ್ನು ಅಜ್ಜಿಯರು ಇನ್ನಷ್ಟು ಸೇರಿಸಿ ಹೇಳುತ್ತಿದ್ದರು. ಮಕ್ಕಳಿಗೆ ಅಜ್ಜಿಯ ಕಥೆಯನ್ನೂ ಬರೆದುಕೊಂಡು ಬರಲು ಹೇಳಿದೆ. ಒಂದೇ ಓಣಿಯಲ್ಲಿ ಮೂರು ಕಥೆ ಸಿಕ್ಕವು.

ಹುಡುಗನ ಪ್ರಶ್ನೆ

ವಾರ್ಷಿಕೋತ್ಸವಕ್ಕೆ ನಾಟಕದ ಪಾತ್ರ ಹಂಚುವ ದಿನ ಬಂತು. ಕುಮಾರರಾಮ, ಕಂಪಿಲರಾಯ, ಬೈಚಪ್ಪ ಎಂದು ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದು, ಸುಲ್ತಾನನ ಪಾತ್ರಕ್ಕೆ ಪಿಂಜಾರರ ಮನೆಯ ಹುಡುಗನೊಬ್ಬನ ಹೆಸರು ಹೇಳಿದೆ. ಅವನು ಎದ್ದು ನಿಂತು ಮೆಲ್ಲಗೆ ಕೇಳಿದ: 'ಸಾರ್, ಈ ಸರ್ತಿನೂ ನಾನೇ ಸುಲ್ತಾನ ಏನ್ರಿ?'

ಹಿಂದಿನ ವರ್ಷವೂ ನಾನು ಅವನಿಗೆ ಅಂಥದ್ದೇ ಪಾತ್ರ ಕೊಟ್ಟಿದ್ದೆ. ಧ್ವನಿ ಚೆನ್ನಾಗಿದೆ ಎಂದು ಕೊಟ್ಟೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವನ ಧ್ವನಿ ನೋಡಿ ಕೊಟ್ಟಿರಲಿಲ್ಲ, ಹೆಸರು ನೋಡಿ ಕೊಟ್ಟಿದ್ದೆ. ಆ ದಿನ ಪಾತ್ರ ಹಂಚುವುದನ್ನು ಅಲ್ಲಿಗೇ ನಿಲ್ಲಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸಂಜೆ ಹೊಸಪೇಟೆಗೆ ಹೋಗಿ, ಕಂಪಿಲಿ ರಾಜ್ಯದ ಬಗ್ಗೆ ಕಾವ್ಯವಲ್ಲದೆ ಬೇರೆ ಏನಿದೆ ಎಂದು ಹುಡುಕಲು ಕೂತೆ.

ಸಿಕ್ಕದ್ದು ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನ ಬರಹದ ಸಾರಾಂಶ. ಅವನು 1333ರಲ್ಲಿ ಭಾರತಕ್ಕೆ ಬಂದವನು. ಕಂಪಿಲಿ ನಾಶವಾದದ್ದು 1327ರ ಸುಮಾರಿಗೆ. ಎಂದರೆ ಕೆಲವೇ ವರ್ಷಗಳ ಹಿಂದಿನ ಸಂಗತಿಯನ್ನು ಕೇಳಿ ಬರೆದದ್ದು. ಅದರಲ್ಲಿ ರತ್ನಾಜಿ ಇಲ್ಲ. ಯುದ್ಧಕ್ಕೆ ಕಾರಣ ಬೇರೆಯೇ. ಮುಹಮ್ಮದ್ ಬಿನ್ ತುಘಲಕ್ ಪಟ್ಟಕ್ಕೆ ಬಂದಾಗ ಅವನ ಸೋದರ ಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ ದಂಗೆ ಎದ್ದ. ಅವನು ನಮ್ಮ ಕಲಬುರಗಿ ಕಡೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಸೋತು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಂಪಿಲರಾಯನ ಬಳಿಗೆ ಓಡಿ ಬಂದ. ರಾಯ ಆಶ್ರಯ ಕೊಟ್ಟ. ಅವನನ್ನು ಒಪ್ಪಿಸು ಎಂದು ದಿಲ್ಲಿಯ ಸೈನ್ಯ ಬಂದಾಗ ಒಪ್ಪಿಸಲಿಲ್ಲ. ಕೋಟೆಗೆ ಮುತ್ತಿಗೆ ಬಿತ್ತು, ಕಾಳು ಕಡಿ ಮುಗಿಯಿತು. ಆಗ ರಾಯ ಆ ಅತಿಥಿಯನ್ನು ಬೇರೊಬ್ಬ ರಾಜನ ಬಳಿಗೆ ಸುರಕ್ಷಿತವಾಗಿ ಕಳಿಸಿದ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ರಾಯ ಕೋಟೆಯಿಂದ ಹೊರಗೆ ಬಂದು ಹೋರಾಡಿ ಸತ್ತ.

ಮುಂದಿನ ಶನಿವಾರ ಇದನ್ನು ಓದಿಸಿದೆ. ಓದಿದವನು ಆ ಹುಡುಗನೇ. ಓದಿ ಮುಗಿಸಿ ತಲೆ ಎತ್ತಿ, 'ಅಂದ್ರೆ ಕಂಪಿಲರಾಯ ಸತ್ತಿದ್ದು ಒಬ್ಬ ಮುಸಲ್ಮಾನನ್ನ ಉಳಿಸಾಕ ಏನ್ರಿ ಸಾರ್?' ಎಂದ. 'ಮೊರೆ ಹೊಕ್ಕವನನ್ನ ಉಳಿಸೋದಕ್ಕೆ' ಎಂದೆ. ಅಟ್ಟಿಸಿಕೊಂಡು ಬಂದವನೂ ಮುಸಲ್ಮಾನ, ಓಡಿ ಬಂದವನೂ ಮುಸಲ್ಮಾನ. ರಾಯ ನೋಡಿದ್ದು ಬಾಗಿಲಲ್ಲಿ ನಿಂತವನ ಕಷ್ಟವನ್ನು.

ಕಂಪ್ಲಿ, ಸಂಡೂರು, ಹಂಪಿ

ಮೊದಲ ಪ್ರವಾಸ ಕಂಪ್ಲಿಗೆ. ಆಗ ಕಂಪ್ಲಿ ನಮ್ಮ ಹೊಸಪೇಟೆ ತಾಲ್ಲೂಕಿನಲ್ಲೇ ಇತ್ತು. ಊರಿನ ರೈತರೊಬ್ಬರು ಟ್ರ್ಯಾಕ್ಟರ್ ಕೊಟ್ಟರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ದಾರಿಯುದ್ದಕ್ಕೂ ಕಬ್ಬು, ಬಾಳೆ, ಭತ್ತ. ವಿಜಯನಗರದ ಕಾಲದಲ್ಲಿ ಕಡಿದ ಕಾಲುವೆಗಳಲ್ಲಿ ಕೆಲವು ನಮ್ಮ ಸೀಮೆಯಲ್ಲಿ ಈಗಲೂ ನೀರು ಹರಿಸುತ್ತವೆ ಎಂದಾಗ ಮಕ್ಕಳು ನಂಬಲಿಲ್ಲ. ಕಂಪ್ಲಿಯ ಕೋಟೆಯಲ್ಲಿ ತುಂಗಭದ್ರೆಯ ದಂಡೆಗೆ ಕೂತು ಪಾಠ ಮಾಡಿದೆ. ಕಂಪ್ಲಿ ಕುಮಾರರಾಮನಿಗಿಂತ ಹಳೆಯದು. 11ನೇ ಶತಮಾನದಲ್ಲೇ ಇಲ್ಲಿ ಚಾಲುಕ್ಯರ ಅರಮನೆ ಇತ್ತು. ಅದನ್ನು ಹಾಳು ಮಾಡಿದೆವೆಂದು ಚೋಳರು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಒಬ್ಬ ಹುಡುಗಿ, 'ಹಂಗಾದ್ರೆ ಚೋಳರು ಸುಟ್ಟಿದ್ದು ಯಾಕ ಸಾರ್? ಅವ್ರೂ ದೇವಸ್ಥಾನ ಕಟ್ಟಿದವ್ರೇ ಅಲ್ಲೇನ್ರಿ?' ಎಂದು ಕೇಳಿದಳು. ರಾಜ್ಯಕ್ಕಾಗಿ ಎಂಬ ಉತ್ತರವನ್ನು ಅವಳ ಪಕ್ಕದಲ್ಲಿದ್ದವಳೇ ಹೇಳಿದಳು. ನಾನು ಬಾಯಿ ತೆರೆಯಬೇಕಾಗಲಿಲ್ಲ. ಕುಮಾರರಾಮನ ಕುಮ್ಮಟದುರ್ಗ ಹೊಳೆಯ ಆಚೆ, ಗಂಗಾವತಿ ತಾಲ್ಲೂಕಿನಲ್ಲಿದೆ. ಆಗ ಅದು ರಾಯಚೂರು ಜಿಲ್ಲೆ. ಅಲ್ಲಿಗೆ ಹೋಗಲು ಆಗಲಿಲ್ಲ, ಆ ಕೊರತೆ ನನಗೆ ಇಂದಿಗೂ ಇದೆ.

ಎರಡನೆಯದು ಸಂಡೂರು. ಕಾವ್ಯಗಳು ಹೇಳುವ ಹೊಸಮಲೆದುರ್ಗವನ್ನು ಸಂಡೂರಿನ ಬೆಟ್ಟಗಳಲ್ಲೇ ಗುರುತಿಸುತ್ತಾರೆ. ರಾಮನದುರ್ಗಕ್ಕೆ ಆ ಹೆಸರು ಬಂದದ್ದು ಕುಮಾರರಾಮನಿಂದ ಎಂದು ಜನ ನಂಬುತ್ತಾರೆ. ಬೆಟ್ಟ ಹತ್ತುವಾಗ ಅದಿರಿನ ಕೆಂಪು ದೂಳು ಎಲ್ಲರ ಬಿಳಿ ಅಂಗಿಗೂ ಹತ್ತಿತು. ಮೇಲೆ ತಂಪು ಗಾಳಿ. 19ನೇ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನಿಕರ ಆರೋಗ್ಯಕ್ಕೆಂದು ಮಾಡಿಕೊಂಡಿದ್ದ ನೆಲೆ ಅದು. ಇಳಿದು ಬಂದು ಸಂಡೂರಿನಲ್ಲಿ ಚಹಾ ಕುಡಿಯುವಾಗ ಆ ಸಂಸ್ಥಾನದ ಇನ್ನೊಂದು ವಿಷಯ ಹೇಳಿದೆ. ಘೋರ್ಪಡೆ ಅರಸರು 1932ರಲ್ಲೇ ತಮ್ಮ ದೇವಸ್ಥಾನವನ್ನು ದಲಿತರಿಗೆ ತೆರೆದರು. ಗಾಂಧೀಜಿ ಅದನ್ನು ಮೆಚ್ಚಿದರು, 1934ರಲ್ಲಿ ಸಂಡೂರಿಗೂ ಬಂದರು. ದೊಡ್ಡ ದೊಡ್ಡ ಸಂಸ್ಥಾನಗಳು ಹಿಂದೆ ಮುಂದೆ ನೋಡುತ್ತಿದ್ದಾಗ ಈ ಪುಟ್ಟ ಸಂಸ್ಥಾನ ಬಾಗಿಲು ತೆರೆದಿತ್ತು. ನಮ್ಮ ತರಗತಿಯ ಕೆಲವು ಮಕ್ಕಳಿಗೆ ಆ ಮಾತು ಏಕೆ ನಾಟಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಹಂಪಿ. ನಮ್ಮ ಮಕ್ಕಳಿಗೆ ಹಂಪಿ ಹೊಸದಲ್ಲ, ಜಾತ್ರೆಗೆ ಹೋಗಿ ಬಂದವರೇ ಎಲ್ಲರೂ. ಹಾಗಾಗಿ ಕಲ್ಲಿನ ರಥದ ಕಡೆಗೆ ಹೋಗಲೇ ಇಲ್ಲ, ನೇರವಾಗಿ ಹೇಮಕೂಟ ಹತ್ತಿಸಿದೆ. ವಿರೂಪಾಕ್ಷ ಗುಡಿಯ ಪಕ್ಕದ ಆ ಬಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಸಣ್ಣ ಸಣ್ಣ ಗುಡಿಗಳಿವೆ. ಅವುಗಳಲ್ಲಿ ಮೂರು ಗರ್ಭಗುಡಿಗಳ ಒಂದು ಶಿವಾಲಯವನ್ನು ಕಟ್ಟಿಸಿದವನು ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಎಂದು ಅಲ್ಲಿನ ಶಾಸನ ಹೇಳುತ್ತದೆ. ಅಜ್ಜಿಯ ಕಥೆಯ ರಾಜ ಕಲ್ಲಿನ ಮೇಲೆ ಇದ್ದಾನೆ! ಹಳೆಯ ಲಿಪಿ ಮಕ್ಕಳಿಗೆ ಓದಲು ಬರಲಿಲ್ಲ. ಆದರೂ 'ಕ' ಯಾವುದು, 'ಪ' ಯಾವುದು ಎಂದು ಬೆರಳಿಟ್ಟು ಹುಡುಕಿದರು. ಕಥೆಗೂ ಇತಿಹಾಸಕ್ಕೂ ಇರುವ ವ್ಯತ್ಯಾಸವನ್ನು ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಅದು ಅವರಿಗೆ ತಿಳಿದದ್ದು ಆ ಬಂಡೆಯ ಮೇಲೆ.

ಕಂಪಿಲಿ ಅಳಿದ ಒಂಬತ್ತು ವರ್ಷಕ್ಕೆ, 1336ರಲ್ಲಿ ವಿಜಯನಗರ ಹುಟ್ಟಿತು ಎನ್ನುತ್ತಾರೆ. ಹರಿಹರ ಬುಕ್ಕರು ಮೊದಲು ಕಂಪಿಲಿಯಲ್ಲೇ ಸೇವೆಯಲ್ಲಿದ್ದರು ಎಂಬ ಐತಿಹ್ಯವೂ ಇದೆ, ಆದರೆ ಅದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. 'ಒಪ್ಪದಿದ್ರೆ ನಾವು ಏನಂತ ಬರೀಬೇಕು ಸಾರ್?' ಎಂದರು. 'ಕೆಲವರು ಹೀಗೆನ್ನುತ್ತಾರೆ ಅಂತ ಬರೀರಿ' ಎಂದೆ.

ನಾಟಕ

ನಮ್ಮ ಬಳ್ಳಾರಿ ಸೀಮೆಗೆ ನಾಟಕವೆಂದರೆ ರಕ್ತದಲ್ಲೇ ಇದೆ. ಬಳ್ಳಾರಿ ರಾಘವರಂಥ ನಟರು ಇದ್ದ ಜಿಲ್ಲೆ. ಹತ್ತಿರದ ಮರಿಯಮ್ಮನಹಳ್ಳಿ ರಂಗಭೂಮಿಯ ಕಲಾವಿದೆಯರ ಊರು. ಆದ್ದರಿಂದ ನಾಟಕ ಬದಲಾಗುತ್ತದೆ ಎಂದು ಗೊತ್ತಾದ ತಕ್ಷಣ ಊರಿನ ಹಿರಿಯರು ಶಾಲೆಗೆ ಬಂದರು. 'ರತ್ನಾಜಿ ಇಲ್ದಿದ್ರೆ ಅದು ಕುಮಾರರಾಮನ ಆಟಾನೇ ಅಲ್ರಿ' ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆ ಕಥೆಯನ್ನು ನಾಲ್ಕು ನೂರು ವರ್ಷಕ್ಕೂ ಮೇಲೆ ಕಾಪಾಡಿದವರು ಅಂಥ ಹಿರಿಯರೇ.

ದಾರಿ ಹುಡುಕಿದವರು ಮಕ್ಕಳು. ನಾಟಕ ಒಬ್ಬ ಅಜ್ಜಿ ಮೊಮ್ಮಕ್ಕಳಿಗೆ ಕಥೆ ಹೇಳುವುದರಿಂದ ಶುರುವಾಯಿತು. ರತ್ನಾಜಿ, ಬೈಚಪ್ಪ ಎಲ್ಲ ಬಂದರು. ನಡುವೆ ಶಾಲೆಯಿಂದ ಬಂದ ಮೊಮ್ಮಗಳು, 'ಅಜ್ಜಿ, ನಾವು ಇನ್ನೊಂದು ಕಥಿ ಓದೀವಿ' ಎನ್ನುತ್ತಾಳೆ. ಆಗ ಗುರ್ಶಾಸ್ಪ್ ಬಾಗಿಲಿಗೆ ಬರುತ್ತಾನೆ. ಹಾರ್ಮೋನಿಯಂ ಮಾಸ್ತರು ಎರಡು ಹಾಡು ಕೂಡಿಸಿದರು. ತಿಂಗಳಿಡೀ ಶಾಲೆ ಬಿಟ್ಟ ಮೇಲೆ ತಾಲೀಮು ನಡೆಯಿತು. ಬಾಡಿಗೆಗೆ ತಂದ ಡ್ರೆಸ್ಸಿನ ಕಿರೀಟ ದೊಡ್ಡದಾಗಿ ಕಣ್ಣಿನ ತನಕ ಇಳಿಯುತ್ತಿತ್ತು. ಒಳಗೆ ಬಟ್ಟೆ ತುಂಬಿದೆವು. ಆ ಕಿರೀಟ ಹಾಕಿಕೊಂಡು ಕಂಪಿಲರಾಯನಾದವನು ಪಿಂಜಾರರ ಮನೆಯ ಅದೇ ಹುಡುಗ. ಸುಲ್ತಾನನ ಪಾತ್ರವನ್ನು ಗೌಡರ ಮನೆಯ ಹುಡುಗ ತಾನಾಗಿಯೇ ಕೇಳಿ ತೆಗೆದುಕೊಂಡ.

ಕೊನೆಯ ದೃಶ್ಯ ಬರೆಯುವಾಗ ತರಗತಿಯಲ್ಲಿ ದೊಡ್ಡ ವಾದವಾಯಿತು. ಏಕೆಂದರೆ ಗುರ್ಶಾಸ್ಪ್ ಕೊನೆಗೂ ಉಳಿಯಲಿಲ್ಲ. ಎರಡನೆಯ ರಾಜ ಅವನನ್ನು ದಿಲ್ಲಿಗೆ ಒಪ್ಪಿಸಿಬಿಟ್ಟ, ಸುಲ್ತಾನ ಅವನನ್ನು ಕ್ರೂರವಾಗಿ ಕೊಲ್ಲಿಸಿದ. ಸೆರೆ ಸಿಕ್ಕ ಕಂಪಿಲರಾಯನ ಹನ್ನೊಂದು ಗಂಡುಮಕ್ಕಳು ದಿಲ್ಲಿಯಲ್ಲಿ ಮತ ಬದಲಿಸಿ ಆಸ್ಥಾನದಲ್ಲಿ ಗೌರವದ ಸ್ಥಾನ ಪಡೆದರು. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಣ್ಣಾರೆ ಕಂಡಿದ್ದ. 'ಹಂಗಾದ್ರೆ ರಾಯ ಸತ್ತಿದ್ದು ದಂಡ ಆತಲ್ರಿ?' ಎಂದು ಒಬ್ಬ ಕೇಳಿದ. ನಾನು ಉತ್ತರ ಕೊಡಲಿಲ್ಲ. ಕಂಪಿಲರಾಯನ ಪಾತ್ರದ ಹುಡುಗ ಹೇಳಿದ: 'ಮುಂದ ಏನಾಗ್ತೈತಿ ಅಂತ ರಾಯಗ ಗೊತ್ತಿರಲಿಲ್ಲ. ಬಾಗಿಲಿಗೆ ಬಂದಿದ್ದಷ್ಟೇ ಗೊತ್ತಿತ್ತು.' ಆ ಮಾತನ್ನೇ ಅಜ್ಜಿಯ ಬಾಯಲ್ಲಿ ಇಟ್ಟು ನಾಟಕ ಮುಗಿಸಿದೆವು.

ಆ ರಾತ್ರಿ ಶಾಲೆಯ ಮೈದಾನ ತುಂಬಿತ್ತು. ಅದೇ ಹಿರಿಯರು ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ರಾಯ ಗುರ್ಶಾಸ್ಪನ ಕೈ ಹಿಡಿದು ಒಳಗೆ ಕರೆದಾಗ ಜನ ಸುಮ್ಮನಾದರು, ಶಿಳ್ಳೆ ಬರಲಿಲ್ಲ. ನಾಟಕ ಮುಗಿದ ಮೇಲೆ ಹುಡುಗನ ತಂದೆ ನನ್ನ ಹತ್ತಿರ ಬಂದು ಏನೋ ಹೇಳಲು ಹೋಗಿ, ಹೇಳದೆ, ಕೈ ಮುಗಿದು ಹೋದರು.

ಈಗ

ಈಗ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. ಕಂಪ್ಲಿ ತಾನೇ ಒಂದು ತಾಲ್ಲೂಕಾಗಿ ಸಂಡೂರಿನ ಜೊತೆ ಬಳ್ಳಾರಿ ಜಿಲ್ಲೆಯಲ್ಲಿದೆ. ಕುಮ್ಮಟದುರ್ಗ ಕೊಪ್ಪಳಕ್ಕೆ ಸೇರಿತು. ನಾವು ಒಂದು ಅವಧಿಯಲ್ಲಿ ಓದಿದ ಕಥೆ ಇಂದು ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಗಡಿ ಬದಲಾದರೂ ಕಥೆ ಒಂದೇ.

ಸಮಿತಿಯ ಪರವಾಗಿ ಈ ಲೇಖನ ಕೇಳಲು ಮನೆಗೆ ಬಂದವರಲ್ಲಿ ನಮ್ಮ ಕಂಪಿಲರಾಯನೂ ಇದ್ದ. ತಲೆ ನರೆತಿದೆ, ಮೊಮ್ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. 'ಅವಳಿಗೆ ಹೇಮಕೂಟದ ಆ ಕಲ್ಲು ತೋರಿಸಿ ಬಂದೆ ಸಾರ್' ಎಂದ.

ಈಗಿನ ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ವರ್ಷದಲ್ಲಿ ಒಂದು ಅವಧಿಯಾದರೂ ಮಕ್ಕಳಿಗೆ ಒಂದೇ ಕಥೆಯನ್ನು ಮೂರು ಕಡೆಯಿಂದ ಓದಿಸಿ, ಆ ಜಾಗಕ್ಕೆ ಕರೆದುಕೊಂಡು ಹೋಗಿ, ಆಮೇಲೆ ಅವರೇ ಆಡಲಿ. ಪಾತ್ರ ಹಂಚುವಾಗ ಮಾತ್ರ ಹಾಜರಿ ಪುಸ್ತಕ ಮುಚ್ಚಿಡಿ. ನನಗೆ ಅನ್ನ ಕೊಟ್ಟ, ನನ್ನ ತಪ್ಪು ತಿದ್ದಿದ ಈ ಶಾಲೆ ನೂರು ವರ್ಷ ಕಾಣಲಿ ಎಂದು ಹಾರೈಸುತ್ತೇನೆ.